ಏಳು ವರ್ಷ ಇಡತಕ್ಕದ್ದು

ಬೈಕಂಪಾಡಿಯಲ್ಲಿ ನಮ್ಮದು ಗೋಡಂಬಿ ಕಂಪೆನಿ.
ನನ್ನದು ಅದರ ಹಿಂದಿನ ಕೋಣೆ:
ಎರಡು ಸರ್ವರು, ಒಂದು ಏಸಿ, ಏಸಿಯ ಅಡಿಯಲ್ಲಿ
ನೀಲಿ ಬಕೆಟು. ದಿನಕ್ಕೆರಡು ಸಲ ನಾನೇ ಚೆಲ್ಲಬೇಕು.

ವಕೀಲ ಪಾಂಗಾಳ ನಾಯಕರು ಮೂರು ವರ್ಷದ ಹಿಂದೆ ಬಂದು
ಚಾ ಕುಡಿದು, ಬೀಜದ ಪೊಟ್ಟಣ ಚೀಲಕ್ಕೆ ಹಾಕಿಕೊಂಡು ಹೇಳಿದ್ದರು:
"ಒಂದು ಮೇಯಿಲೂ ಬಿಸಾಡಬೇಡಿ ಮಾರಾಯ್ರೆ.
ಕೆಲಸದಿಂದ ತೆಗೆದವರು ನಾಳೆ ಲೇಬರ್ ಕೋರ್ಟಿಗೆ ಹೋದರೆ
ಅಲ್ಲಿ ಬಾಯಿಮಾತಿಗೆ ಕಾಲಿಲ್ಲ. ಕಾಗದ ಇದ್ದವ ಬದುಕಿದ."
ಅವತ್ತೇ ನಿಯಮ ಟೈಪಾಯಿತು, ಕನ್ನಡದಲ್ಲೂ ಒಂದು ಪ್ರತಿ:
ಸಕಲ ಪತ್ರವ್ಯವಹಾರವನ್ನು ಏಳು ವರ್ಷ ಇಡತಕ್ಕದ್ದು.
ಅಳಿಸಿದಲ್ಲಿ, ಅಳಿಸಿದವರ ಹೆಸರನ್ನೂ ಇಡತಕ್ಕದ್ದು.
ಕೆಳಗೆ ಡೆರಿಕ್ ಮಿನೇಜಸ್ ಸಾಹೇಬರ ಸಹಿ,
ಹಸಿರು ಶಾಯಿ.

ಅಂದಿನಿಂದ ಇಡುತ್ತ ಬಂದೆ,
ಬೆಂಗರೆಯಲ್ಲಿ ನನ್ನ ಉಮ್ಮ ಬಂಗುಡೆ ಇಡುತ್ತಿದ್ದ ಹಾಗೆ:
ಒಂದು ಸಾಲು ಮೀನು, ಒಂದು ಹಿಡಿ ಉಪ್ಪು,
ಮತ್ತೆ ಮೀನು, ಮತ್ತೆ ಉಪ್ಪು, ಮೇಲೊಂದು ಹೊಳೆಯ ಕಲ್ಲು.
ಲೋಡಿಂಗಿನ ಜಗಳ, ವಿಯೆಟ್ನಾಮಿನ ಬೆಲೆ,
ಕ್ಯಾಂಟೀನಿನ ಸಾಂಬಾರಿನಲ್ಲಿ ಸಿಕ್ಕ ಮೊಳೆಯ ಫೋಟೋ,
ಏಳು ಜನರಿಗೆ ಕಳಿಸಿದರೆ ಒಳ್ಳೆಯದು ಮಾಡುವ ದೇವರು,
ಎಲ್ಲ ಉಪ್ಪಿಗೆ.

ಈಗ ವಾರಿಜಾ ಸಾಲಿಯಾನ್ ನೋಟೀಸು ಕಳಿಸಿದ್ದಾರೆ.
ಗ್ರೇಡಿಂಗ್ ಸೂಪರ್‌ವೈಸರ್. ಹದಿನಾರು ವರ್ಷ.
ತೆಗೆದದ್ದಕ್ಕೆ ಕಾರಣ: ಪದೇ ಪದೇ ಗೈರುಹಾಜರಿ.
"ಹುಡುಕು ಹಸನಬ್ಬ," ಅಂದರು ಸಾಹೇಬರು,
"ಅವಳ ಹೆಸರಿದ್ದದ್ದೆಲ್ಲ ತೆಗಿ. ನಮ್ಮ ಕೊಡೆ ಅದು."

ಹುಡುಕಿದೆ. ಸಾವಿರದ ಇನ್ನೂರ ಹದಿನಾಲ್ಕು.
ರಜೆ ಕೇಳಿದ್ದು ಒಂಬತ್ತು. ಒಂಬತ್ತಕ್ಕೂ ಆಸ್ಪತ್ರೆಯ ಚೀಟಿ,
ವಾರೆ ಫೋಟೋ, ಅಂಚಿನಲ್ಲಿ ಹೆಬ್ಬೆರಳು,
ಗೇರುಸಿಪ್ಪೆಯ ಎಣ್ಣೆಗೆ ಕಪ್ಪಾದದ್ದು.
"ಹುರಿಯುವ ಕೋಣೆಯ ಫ್ಯಾನು ತಿರುಗುವುದಿಲ್ಲ ಸರ್."
ಇದು ಹನ್ನೊಂದು ಸಲ.
ರಾತ್ರಿ ಹನ್ನೊಂದೂ ಮುಕ್ಕಾಲಿನದೊಂದು, ವಿಷಯ ಎಂಬಲ್ಲಿ ಖಾಲಿ:
"ನನಗೆ ಬೇಡ, ಆ ಚಿಕ್ಕ ಹುಡುಗಿಯರಿಗಾದರೂ."

ಆಮೇಲೆ ಅದು ಸಿಕ್ಕಿತು.
ಫೆಬ್ರವರಿ ಆರು. ಸಾಹೇಬರಿಂದ ಎಚ್‌ಆರ್‌ಗೆ, ಒಂದೂವರೆ ಸಾಲು:
"ಈ ಹೆಂಗಸು ಫ್ಯಾನ್ ಫ್ಯಾನ್ ಅಂತ ತಲೆ ತಿನ್ನುತ್ತಾಳೆ.
ರಜೆಯ ಲೆಕ್ಕ ತೆಗೆದು ಮಾರ್ಚಿನೊಳಗೆ ಮುಗಿಸಿ."

ಬಕೆಟು ತುಂಬಿರಲಿಲ್ಲ. ಆದರೂ ಚೆಲ್ಲಿ ಬಂದೆ.

ಸಾಹೇಬರು ಓದಿದರು. ಕನ್ನಡಕ ತೆಗೆದು ಟೈಯಲ್ಲಿ ಒರೆಸಿದರು.
"ಇದೊಂದು ಹೋಗ್ಲಿಕ್ಕಿಲ್ಲವಾ?
ಕರೆಂಟು ಕೈಕೊಟ್ಟು, ಏನಾದರೂ ಆಗಿ?"
"ಹೋಗ್ತದೆ ಸರ್," ಅಂದೆ. "ಆದರೆ ಹೋದದ್ದು ಉಳೀತದೆ.
ಯಾರು, ಎಷ್ಟು ಗಂಟೆಗೆ. ನೀವೇ ಸಹಿ ಹಾಕಿದ್ದು, ಹಸಿರಿನಲ್ಲಿ."

ಧೈರ್ಯದವ ಅಂತ ಎಣಿಸಬೇಡಿ ನನ್ನನ್ನು.
ಹೇಳದೆ ಬಿಟ್ಟದ್ದು ಒಂದು ಉಂಟು:
ಆ ಒಂದೂವರೆ ಸಾಲಿನ ನೆತ್ತಿಯಲ್ಲಿ, ಸಣ್ಣ ಅಕ್ಷರದಲ್ಲಿ,
ಪ್ರತಿ ಎಂಬಲ್ಲಿ ನನ್ನ ಹೆಸರು.
ಹಾಜರಿಯ ಯಂತ್ರ ನನ್ನ ವಶದಲ್ಲಲ್ಲವೇ.
ಕೆಳಗೆ, ಮರುದಿನ ಒಂಬತ್ತೂ ಹತ್ತಕ್ಕೆ, ನನ್ನದೇ ಉತ್ತರ:
"ಆಯಿತು ಸರ್. ಪಟ್ಟಿ ಲಗತ್ತಿಸಿದೆ."

ಓದಿದ್ದೆ. ಬರೆದಿದ್ದೆ. ಆಮೇಲೆ ಕ್ಯಾಂಟೀನಿಗೆ ಹೋಗಿ
ಗೋಳಿಬಜೆ ತಿಂದಿರಬೇಕು, ಬುಧವಾರ ಅದೇ ಇರುವುದು.
ವಾರಿಜಕ್ಕ ಎದುರಿಗೇ ಕೂತಿದ್ದರೋ ಏನೋ.
ಚಟ್ನಿ ಈಚೆ ದೂಡಿದ್ದರೋ ಏನೋ.
ಅದನ್ನು ಮಾತ್ರ ಎಲ್ಲಿಯೂ ಇಟ್ಟಿಲ್ಲ.

ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತ ಉಮ್ಮ ಹೇಳುತ್ತಿದ್ದಳು:
ಇಡುವುದು ಸುಲಭ ಮಗಾ,
ತೆಗೆಯುವಾಗ ಮೂಗು ಗಟ್ಟಿ ಬೇಕು.

ತಾರೀಕಿನ ಪ್ರಕಾರ ಪ್ರಿಂಟು ಕೊಟ್ಟಿದ್ದೇನೆ, ಎರಡು ಪ್ರತಿ,
ಒಂದು ನಾಯಕರಿಗೆ, ಒಂದು ಕೋರ್ಟಿಗೆ.
ಜನವರಿಯ ಕೊನೆಗೆ ಹಾಳೆ ಮುಗಿಯಿತು.
ಹೊಸ ರೀಮಿನ ಕಾಗದ ಹರಿದು, ಬಡಿದು, ಅಂಚು ಸಮ ಮಾಡಿ
ಟ್ರೇಗೆ ತುಂಬಿದೆ.
ಯಂತ್ರ ಕೆಮ್ಮಿ ಮತ್ತೆ ಶುರುವಾಗಿದೆ.
ನನ್ನ ಪುಟ ಇನ್ನೂ ಬರಬೇಕು.