ಮಗ್ಗುಲ ಬಾಗಿಲು

ವಾಲ್ಪರೈಸೊದ ಗುಡ್ಡ ಹತ್ತುವ ಈ ಮರದ ಡಬ್ಬಿಗೆ
ಹತ್ತೊಂಬತ್ತು ವರ್ಷದಿಂದ ಟಿಕೇಟು ಕೊಡುತ್ತಿದ್ದೇನೆ.
ಉಕ್ಕಿನ ಹಗ್ಗ ಜಗ್ಗುತ್ತದೆ, ಒಂದು ಡಬ್ಬಿ ಮೇಲೆ, ಇನ್ನೊಂದು ಕೆಳಗೆ,
ಗಾಜಿನ ಗೂಡಿನಲ್ಲಿ ನಾನು.
ಊರನ್ನೆಲ್ಲ ಒಳಬಿಟ್ಟ ತಿರುಗುಗೇಟಿನೊಳಗೆ
ನಾನೊಬ್ಬಳು ಹಾಯಲಿಲ್ಲ.
ಪಕ್ಕದಲ್ಲೊಂದು ಬಾಗಿಲಿದೆ. ಗಾಲಿಕುರ್ಚಿಗೆ, ಈರುಳ್ಳಿ ಮೂಟೆಗೆ,
ಆಮೇಲೆ ಎದೆಲ್ಮಿರಾಗೆ.

ಆಗಸ್ಟಿನಲ್ಲಿ ಕೊಯ್ದರು. ಐದು ತೂತು.
ಮುಕ್ಕಾಲು ಹೊಟ್ಟೆ ತೆಗೆದು ಎಲ್ಲಿ ಹಾಕಿದರೋ, ನಾನು ಕೇಳಲಿಲ್ಲ.
ಹೊಟ್ಟೆ ಕೊಯ್ದವರು ಹೊಟ್ಟೆಕಿಚ್ಚನ್ನು
ಹಾಗೇ ಒಳಗಿಟ್ಟು ಹೊಲಿದಿದ್ದಾರೆ:
ಅಕ್ಕ ನೋಲ್ಫಾ ಬಿಸಿ ಬ್ರೆಡ್ಡನ್ನು ಎರಡು ಹೋಳು ಮಾಡಿ
ಬೆಣ್ಣೆ ಸವರುವಾಗ ಗೊತ್ತಾಗುತ್ತದೆ,
ಅದರ ಅಳತೆ ಗುಲಗಂಜಿಯಷ್ಟೂ ತಗ್ಗಿಲ್ಲ.

ಮೊದಲು ನೀರು, ಔಷಧಿ ಬಾಟಲಿಯ ಮುಚ್ಚಳದಲ್ಲಿ.
ಆಮೇಲೆ ಸೋಸಿದ ಸಾರು.
ಐದನೆಯ ವಾರ ಅರ್ಧ ಮೊಟ್ಟೆ, ಅದಕ್ಕೆ ನಲವತ್ತು ನಿಮಿಷ.
ತುತ್ತಿಗೊಮ್ಮೆ ಚಮಚ ಕೆಳಗಿಡು ಎಂದಿದ್ದಳು ನರ್ಸ್ ಎರ್ಮಿಂದಾ.
ಇಡುತ್ತಿದ್ದೆ.
ಇಟ್ಟ ಚಮಚವನ್ನೇ ನೋಡುತ್ತ ಕೂತಿರುತ್ತಿದ್ದೆ,
ಅದೇನೋ ಉತ್ತರ ಹೇಳಲಿದೆ ಎಂಬಂತೆ.

ನಡೆ ಎಂದೂ ಹೇಳಿದ್ದಳು.
ನನ್ನ ಮನೆಯಿಂದ ಬೀದಿಗೆ ಇನ್ನೂರ ಹನ್ನೆರಡು ಮೆಟ್ಟಿಲು.
ಇಳಿಯುವುದೇನೋ ಸರಿ, ಹತ್ತುವವರು ಯಾರು?
ಮೊದಲ ದಿನ ಹದಿನಾಲ್ಕಕ್ಕೆ ಕೂತೆ.
ಒಂದು ಕಿವಿಯ ಬೀದಿನಾಯಿ ಬಂದು ಜೊತೆಗೆ ಕೂತಿತು.
ಕೂತ ಮೆಟ್ಟಿಲಿಗೆ ಸುಣ್ಣದ ಕಡ್ಡಿಯಲ್ಲಿ ಗೀಟು ಹಾಕಿದೆ,
ರಾತ್ರಿ ಸಮುದ್ರದ ಕಡೆಯಿಂದ ಬಂದ ಮಳೆ ಅಳಿಸಿತು.
ಮತ್ತೆ ಹಾಕಿದೆ. ಮತ್ತೆ ಅಳಿಸಿತು.
ನಿನ್ನೆ ಎಲ್ಲಿಗೆ ನಿಂತೆನೆಂದು ನೆನಪಿದ್ದದ್ದು
ಆ ನಾಯಿಯೊಂದಕ್ಕೆ. ಅದು ಅಲ್ಲೇ ಹೋಗಿ ಕೂರುತ್ತಿತ್ತು,
ನಾನು ಅದನ್ನು ದಾಟಿದರೆ
ಗೊಣಗಿಕೊಂಡು ಎದ್ದು ಬರುತ್ತಿತ್ತು.

ನಾಲ್ಕನೆಯ ತಿಂಗಳು ತೂಕದ ಮುಳ್ಳು ಕಚ್ಚಿಕೊಂಡಿತು.
ಇಪ್ಪತ್ತಮೂರು ದಿನ, ಅದೇ ಅಂಕಿ.
ಬಾಚಣಿಗೆಗೆ ಹಿಡಿ ಹಿಡಿ ಕೂದಲು.
ಆ ವಾರವೇ ಯಾನಾರಾಳ ಹುಟ್ಟುಹಬ್ಬ,
ಪದರ ಪದರದ ಕೇಕು, ನಡುವೆ ಕಾಯಿಸಿದ ಹಾಲಿನ ಕಂದು ಪಾಕ.
ಎರಡೇ ಚಮಚ ತಿಂದೆ, ಮೂರನೆಯದೂ ತಿಂದೆ.
ಎದೆ ನಗಾರಿ ಹೊಡೆಯಿತು, ಬೆವರು ಸೆರಗಿಲ್ಲದ ಮಳೆ,
ಬಚ್ಚಲ ಮನೆಯ ತಣ್ಣನೆ ನೆಲಕ್ಕೆ ಕೆನ್ನೆಯಿಟ್ಟು
ಹೊರಗೆ ಮಕ್ಕಳ ಚಪ್ಪಾಳೆ ಕೇಳಿಸಿಕೊಂಡೆ.
ಹಳೆಯ ಹೊಟ್ಟೆಯನ್ನು ನೆನೆದು ಅತ್ತೆ,
ಸತ್ತ ನೆಂಟಳಿಗೆ ಅಳುವ ಹಾಗೆ.

ಮರುದಿನ ಬೆಳಿಗ್ಗೆ
ಹುಮ್ಮಸ್ಸು ಬರುತ್ತದೇನೋ ಎಂದು ಕಾದೆ. ಬರಲಿಲ್ಲ.
ನಾಯಿ ಬಂತು.
ಸರಿ, ಮಾತ್ರೆ ನುಂಗಿ ಚಪ್ಪಲಿ ಮೆಟ್ಟಿದೆ.

ಜನವರಿಯ ಒಂದು ಮುಂಜಾನೆ, ಮೊದಲ ಡಬ್ಬಿಗೂ ಮುಂಚೆ,
ಯಾರೂ ಇರದಾಗ
ಗೂಡಿನಿಂದೆದ್ದು ಬಂದು ಗೇಟಿಗೆ ಸೊಂಟ ಕೊಟ್ಟೆ.
ಎರಡೂ ಕಡೆ ತಣ್ಣನೆ ಕಬ್ಬಿಣ ಸವರಿತು. ತಿರುಗಿತು. ಟಕ್.
ಲೆಕ್ಕದ ಯಂತ್ರದಲ್ಲಿ ಅಂಕಿ ಒಂದು ಮೇಲೇರಿತು.
ಸಂಜೆ ಲೆಕ್ಕ ತಪ್ಪುತ್ತದಲ್ಲ,
ನನ್ನದೇ ಚೀಲದಿಂದ ನೂರು ಪೆಸೊ ತೆಗೆದು ಪೆಟ್ಟಿಗೆಗೆ ಹಾಕಿ
ನನಗೇ ಟಿಕೇಟು ಹರಿದುಕೊಂಡೆ.

ಎಂಟು ಗಂಟೆಗೆ ಬಂದರಿನ ಬೂಟು ತೊಟ್ಟ ಹುಡುಗನೊಬ್ಬ,
ಭಾರಿ ಮೈ.
ಗೇಟಿನೆದುರು ನಿಂತು ಜೇಬು ತಡಕತೊಡಗಿದ.
ಟಿಕೇಟು ಆಗಲೇ ಕೈಯಲ್ಲಿದೆ.
ಆ ತಡಕಾಟ ನನಗೆ ಗೊತ್ತು, ಹತ್ತೊಂಬತ್ತು ವರ್ಷ ತಡಕಿದ್ದೇನೆ.
ಎದ್ದು ಮಗ್ಗುಲ ಬಾಗಿಲು ತೆಗೆದೆ.
‘ಇಲ್ಲಿ ಬಾ ಮಗಾ, ಆ ಗೇಟು ಸಿಕ್ಕಿಕೊಳ್ಳುತ್ತದೆ,’ ಎಂದೆ.
ಸುಳ್ಳು.
ನಿನ್ನೆಯಷ್ಟೇ ಎಣ್ಣೆ ಹಾಕಿದ್ದೆ.