ನಾಲ್ಕೂವರೆ ಅಡಿ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ರೆಬೆಲ್ಲೊ ಸೈಬರ್ ಸೆಂಟರಿಗೆ ಗೂಡು ಕಟ್ಟಿಕೊಟ್ಟವನು ನಾನೇ.
ಹನ್ನೊಂದು ಗೂಡು, ಆರಡಿ ಎತ್ತರ, ಕಡಿಮೆ ದರದ ಪ್ಲೈವುಡ್ಡು.
ಒಳಗೊಂದು ಕುರ್ಚಿ, ಒಂದು ಪರದೆ, ಒಂದು ಚಿಲಕ.
ಚಿಲಕ ಯಾಕೆಂದು ನಾನು ಕೇಳಲಿಲ್ಲ,
ಗಿಲ್ಬರ್ಟ್ ಹೇಳಲೂ ಇಲ್ಲ.
ಗಂಟೆಗೆ ಇಪ್ಪತ್ತು ರೂಪಾಯಿ, ಗೂಡಿನೊಳಗಾದರೆ ಮೂವತ್ತು.
ಆ ಹತ್ತು ನನ್ನ ಹಲಗೆಯ ಬೆಲೆ.

ಆಮೇಲೆ ಆದೇಶ ಬಂತು:
ಗೂಡಿನ ಗೋಡೆ ನಾಲ್ಕೂವರೆ ಅಡಿ ಮೀರತಕ್ಕದ್ದಲ್ಲ.
ಸಬ್ ಇನ್ಸ್‌ಪೆಕ್ಟರು ಬಂದರು. ಟೇಪು ತಂದಿರಲಿಲ್ಲ.
ನನ್ನದೇ ಇಸಕೊಂಡು ಅಳೆದು,
ಮರ್ಯಾದೆ ಇಲ್ಲಿಗೆ ಮುಗಿಯುತ್ತದೆ ಎನ್ನುವ ಹಾಗೆ
ಪೆನ್ಸಿಲಿನಲ್ಲಿ ಗೆರೆ ಎಳೆದರು.
"ಕುಳ್ಳಗಿದ್ದವರ ಕಥೆ ಏನು ಸಾರ್?" ಅಂದೆ.
ಅವರು ನಗಲಿಲ್ಲ.

ಕಟ್ಟಿದ ಕೈಯೇ ಕೊಯ್ಯಿತು.
ಗರಗಸದ ಸದ್ದಿಗೆ ಮೂರನೇ ಗೂಡಿನವನು ತಲೆಯೆತ್ತಿದ.
ಅವನ ಪರದೆಯಲ್ಲಿ ಕೆಪಿಟಿಸಿಎಲ್ ಕೆಲಸದ ಅರ್ಜಿ,
ತಂದೆಯ ಹೆಸರಿನವರೆಗೆ ತುಂಬಿತ್ತು.
ಏಳನೇ ಗೂಡಿನವನದು ಹೇಳುವುದಿಲ್ಲ.
ಒಂದೂವರೆ ಅಡಿಯ ತುಂಡುಗಳನ್ನು ಅಟ್ಟಕ್ಕೆ ಹಾಕಿದೆ.
ಮರ ಎಸೆಯುವ ಜಾಯಮಾನ ನಮ್ಮದಲ್ಲ.

ಈಗ ಅಲ್ಲಿ ಹೋಳಿಗೆ ಅಂಗಡಿ.
ಗೂಡು ಅಂಗೈಗೆ ಬಂದಿದೆ,
ಗರಗಸ ಎಲ್ಲಿಡುತ್ತೀರಿ?

ರಾಜೇಂದ್ರನಗರದ ವಕೀಲರ ಮನೆಯಲ್ಲಿ
ಪುಸ್ತಕದ ಕಪಾಟು ಕೂರಿಸುವಾಗ ಇದೇ ವಾದ.
ಒಬ್ಬರು, ಒಂದೇ ಏಟಿಗೆ ಎಲ್ಲ ಬಂದ್ ಮಾಡಲಿ,
ಹಾಲು ಹಲ್ಲಿನ ಮಕ್ಕಳೂ ನೋಡುತ್ತಿವೆ ಅಂದರು.
ವಕೀಲರು, ಇವತ್ತು ಅದು, ನಾಳೆ ಪತ್ರಿಕೆ,
ನಾಡಿದ್ದು ಈ ಕಪಾಟು, ಅಂದರು.
ಕಪಾಟಿನೊಳಗೆ ತಲೆ ಹಾಕಿಕೊಂಡಿದ್ದ ನನಗೆ
ಇಬ್ಬರದೂ ಸರಿಯೆನಿಸಿತು.
ಸ್ಕ್ರೂ ಎರಡು ಸಲ ಜಾರಿತು.

ಕಳೆದ ತಿಂಗಳು ವಿನೋಬನಗರದಿಂದ ಫೋನು.
ಬಚ್ಚಲಿನ ಗವಾಕ್ಷಿ ಮುಚ್ಚಬೇಕು, ಇವತ್ತೇ ಬನ್ನಿ.
ಆಸ್ಪತ್ರೆಯ ಲ್ಯಾಬಿನಾಕೆ, ವನಮಾಲಾ, ನಲವತ್ತರ ಹತ್ತಿರ.
ಬಾಗಿಲಲ್ಲೇ ಹೇಳಿಬಿಟ್ಟಳು,
ಯಾರದೋ ರಕ್ತದ ರಿಪೋರ್ಟು ಓದುವ ಹಾಗೆ:
ಗವಾಕ್ಷಿಯ ಆಚೆಯಿಂದ ಯಾರೋ ಫೋನು ಹಿಡಿದದ್ದು,
ಅದು ಎಲ್ಲೆಲ್ಲಿಗೋ ಹೋದದ್ದು,
ಹಡಗಿನಲ್ಲಿ ಕೆಲಸದ ಮೈದುನ ರೋಟರ್‌ಡ್ಯಾಮಿನಲ್ಲಿ ಕಂಡು
ಮನೆಗೆಲ್ಲ ತಿಳಿಸಿದ್ದು.
ನೀನ್ಯಾಕೆ ಅಲ್ಲಿ ನೋಡುತ್ತಿದ್ದೆ ಅಂತ
ಅವನನ್ನು ಯಾರೂ ಕೇಳಿಲ್ಲ.

ಠಾಣೆಯಲ್ಲಿ ಪೇದೆ ವಿಳಾಸ ಒತ್ತಿದನಂತೆ.
ಸರ್ಕಾರದ ಆದೇಶದ ಮೇರೆಗೆ ಈ ಪುಟವನ್ನು ತಡೆಹಿಡಿಯಲಾಗಿದೆ.
"ನೋಡಿ ಮೇಡಂ, ಕಾಣಲ್ಲ.
ಕಾಣದ್ದಕ್ಕೆ ಕೇಸು ಹೇಗೆ ಹಾಕೋದು?"

ನಾನು ಏನೂ ಅನ್ನಲಿಲ್ಲ. ಗವಾಕ್ಷಿ ಅಳೆದೆ.
ಅಟ್ಟದ ತುಂಡು ತಂದೆ. ಎರಡಂಗುಲ ಸಾಲದು.
"ಪೂರ್ತಿ ಮುಚ್ಚಿದರೆ ಉಸಿರು ಕಟ್ಟುತ್ತೆ ತಾಯಿ,
ಗ್ಯಾಸ್ ಗೀಸರು ಬೇರೆ."
"ಹಾಗಂತ ತೆಗೆದಿಡಲಾ?" ಅಂದಳು.

ಉತ್ತರ ನನ್ನ ಕೈಗೆ ಮಾತ್ರ ಗೊತ್ತಿತ್ತು,
ಅದೂ ಇದೊಂದು ಕಿಂಡಿಯ ಮಟ್ಟಿಗೆ.
ತುಂಡನ್ನು ಪಟ್ಟಿಪಟ್ಟಿ ಸೀಳಿ ಓರೆಯಾಗಿ ಕೂರಿಸಿದೆ,
ಗಾಳಿ ನುಸುಳಬೇಕು,
ಇಣುಕಿದ ಕಣ್ಣಿಗೆ ಸೂರಿನ ಸುಣ್ಣ ಮಾತ್ರ ಸಿಗಬೇಕು.
ಒಂದು ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ
ಯಾರೋ ಎಂದೋ ಗೀಚಿದ ಫೋನ್ ನಂಬರು, ಒಂಬತ್ತೇ ಅಂಕಿ.
ಅದನ್ನು ಒಳಮೈಗೆ ತಿರುಗಿಸಿದೆ.
ಪ್ಲೈವುಡ್ಡು, ಎರಡು ಮಳೆಗಾಲ ತಡೆದೀತು ಅಂತಲೂ ಹೇಳಿದೆ.

ದುಡ್ಡು ಎಣಿಸಿ ಕೊಟ್ಟವಳು
ಓಣಿಗೆ ಬಂದು ನನ್ನ ಏಣಿ ಹತ್ತಿದಳು.
ಅವನು ನಿಂತಿದ್ದ ಎತ್ತರಕ್ಕೆ ನಿಂತು
ತನ್ನದೇ ಬಚ್ಚಲಿನೊಳಕ್ಕೆ ಇಣುಕಿದಳು,
ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು.
"ಕಾಣಲ್ಲ" ಅಂದಳು.
ಇಳಿಯಲಿಲ್ಲ.
ನಾನು ಏಣಿ ಹಿಡಿದುಕೊಂಡೇ ಇದ್ದೆ.