ಸವಕಳಿ

ಹೋದ ಸೋಮವಾರ ಆರ್ಡರ್ ಬಂತು:
ಭೂಗರ್ಭಶಾಸ್ತ್ರ ವಿಭಾಗ ಮುಚ್ಚಿದೆ,
ಒಂಬತ್ತನೇ ಕೊಠಡಿ ಕಾಮರ್ಸಿನವರಿಗೆ.
ಲೆಕ್ಕಪತ್ರದ ಇಂದ್ರಾಣಿ ಮೇಡಂ
ಸ್ಟಾಕ್ ರಿಜಿಸ್ಟರ್ ಬಿಚ್ಚಿ ಕೂತರು.
ನಾನು ಒಂದೊಂದೇ ಟ್ರೇ ಎಳೆದು ಕೊಟ್ಟೆ,
ಇಪ್ಪತ್ತಾರು ವರ್ಷ ಒರೆಸಿದ ಕೈಯಲ್ಲಿ.

'ಮರಳುಗಲ್ಲು, ಎಂಟು.' ಇದೆ.
'ಜೇಡಿಗಲ್ಲು, ಐದು.' ನಾಲ್ಕಿದೆ ಮೇಡಂ,
ಒಂದು ಪದರ ಪದರವಾಗಿ ಬಿಚ್ಚಿಕೊಂಡು ಪುಡಿಯಾಯ್ತು.
ಡಬ್ಬಿಯಲ್ಲಿಟ್ಟಿದ್ದೇನೆ, ಬೇಕಾದರೆ ತೂಗಿ.
'ಸುಣ್ಣಕಲ್ಲು, ಮೀನಿನ ಗುರುತುಳ್ಳದ್ದು, ಒಂದು.
ಖರೀದಿ ಬೆಲೆ ಹದಿನೇಳೂವರೆ ರೂಪಾಯಿ.
ಸವಕಳಿ ಎಷ್ಟು ಹಾಕಲಿ, ಗಂಗಹನುಮಯ್ಯ?'

ಸವಕಳಿ.
ಜಿನದತ್ತ ಸಾರ್ ಪಾಠದಲ್ಲೂ ಅದೇ ಮಾತು.
ಬೆಟ್ಟ ಸವೆದು ಹರಳು, ಹರಳು ಸವೆದು ಮರಳು,
ಮರಳೂ ಸವೆದು ನುಣ್ಣನೆ ಕೆಸರು.
ಕೆಸರು ಹೊಳೆಯ ಬೆನ್ನೇರಿ ಬಂದು
ಕೆರೆಯ ತಳದಲ್ಲಿ ಸುಸ್ತಾಗಿ ಕೂರುತ್ತದೆ,
ಅದರ ಮೇಲೆ ಮುಂದಿನ ಮಳೆಗಾಲದ್ದು,
ಅದರ ಮೇಲೆ ಅದರ ಮುಂದಿನದು.
ಸವೆದದ್ದೇ ಕಣ್ರಯ್ಯಾ ಮತ್ತೆ ಕಲ್ಲಾಗೋದು,
ಅನ್ನುತ್ತಿದ್ದರು. ಹುಡುಗರು ಬರೆದುಕೊಳ್ಳುತ್ತಿದ್ದರು.
ನಾನು ಬಾಗಿಲಲ್ಲಿ ನಿಂತು ಗಂಟೆಗೆ ಕಾಯುತ್ತಿದ್ದೆ.

ಜುರಾಸಿಕ್ ಅಂದರೆ ಸಾಕು, ಪ್ರತಿ ಜೂನ್‌ನಲ್ಲೂ
ಹೊಸ ಹುಡುಗರ ಕಣ್ಣು ಚಾವಣಿಗೆ ಹೋಗುವುದು,
ಅಷ್ಟೆತ್ತರದ ಕತ್ತು ಹುಡುಕಿಕೊಂಡು.
ನಾನು ಟ್ರೇ ಎಳೆದರೆ
ಗೇಣುದ್ದದ ಮೀನು.
'ಇಷ್ಟೇನಾ?'
ಇಷ್ಟೇ.

ಮೊದಲ ಸಲ ನೋಡಿದಾಗ ನಾನೇ ಕೇಳಿದ್ದೆ:
ಸಾರ್, ಯಾವ ಕೆರೆದು?
ಗೋದಾವರಿ ಕಡೆಯದಂತೆ. ಈಗ ಕೆರೆ ಇಲ್ಲ,
ಹದಿನೇಳೋ ಹದಿನೆಂಟೋ ಕೋಟಿ ವರ್ಷವಾಯಿತು.
ಹರಾಜು ಯಾರು ಹಿಡಿದಿದ್ದರು ಸಾರ್?
ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿದರು.
ನಾನು ತಮಾಷೆಗೆ ಕೇಳಿದ್ದಲ್ಲ.
ಹಾರನಹಳ್ಳಿ ಕೆರೆಯಲ್ಲಿ ಬಲೆ ಬೀಸಿದವನ ಮಗ ನಾನು.
ಹರಾಜಿಲ್ಲದ ಕೆರೆ,
ಬಲೆ ಇಲ್ಲ, ಗಾಳ ಇಲ್ಲ, ದಡದಲ್ಲಿ ತಕ್ಕಡಿ ಇಲ್ಲ,
ಕೊಕ್ಕರೆ ಕೂಡ ಇನ್ನೂ ಹುಟ್ಟಿಲ್ಲ.
ಅಂಥ ಕಡೆ ಮೀನು ಹೇಗೆ ಸಾಯುತ್ತದೆ?

ಅಪ್ಪ ಹೇಳುತ್ತಿದ್ದ, ನೀರು ಇಳಿದಾಗ
ಕೊರಮ ಕೆಸರಲ್ಲಿ ಹೂತುಕೊಂಡು ಕಾಯುತ್ತದೆ,
ಗೆಂಡೆಗೆ ಆ ಬುದ್ಧಿ ಇಲ್ಲ, ಮಗ್ಗುಲಾಗಿಬಿಡುತ್ತದೆ.
ಇದೂ ಮಗ್ಗುಲಾಗಿದೆ.
ಬಾಯಿ ಅರೆ ತೆರೆದಿದೆ, ಕೊನೆಯ ಗುಟುಕು
ನೀರೋ ಸುಣ್ಣವೋ ತಿಳಿಯದ ಹಾಗೆ.
ಹುರುಪೆ ಮಾತ್ರ ಒಂದೂ ಕದಲಿಲ್ಲ,
ಮಂಗಳೂರು ಹೆಂಚು ಹೊದಿಸಿದಂತೆ, ಸಾಲಿಗೆ ಸಾಲು.
ಎಣಿಸಿದ್ದೇನೆ. ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ.

ನಮ್ಮ ಹಾಸನದ ಕಲ್ಲು ಇದಕ್ಕಿಂತ ಹಿರಿಯ,
ಮುನ್ನೂರು ಕೋಟಿ ಅಂತ ಸಾರ್ ಬೋರ್ಡಿಗೆ ಬರೆದು
ಸೊನ್ನೆ ಹಾಕುತ್ತಾ ಹಾಕುತ್ತಾ ಸೀಮೆಸುಣ್ಣ ಮುರಿದಿತ್ತು.
ಅಷ್ಟು ಹಳೆಯದು, ಒಡೆದರೆ ಒಳಗೆ ಯಾರೂ ಇಲ್ಲ.
ಬರೀ ಅಭ್ರಕದ ಮಿಂಚು.
ಅದಕ್ಕೇ ಇರಬೇಕು, ನಮ್ಮವರು
ಬಳಪದ ಕಲ್ಲು ಸಿಕ್ಕಿದ್ದೇ ತಡ ಉಳಿ ಹಿಡಿದು
ಇಲ್ಲದ ಮೊಸಳೆಗೆ ಇಲ್ಲದ ಬಾಲ ಕೂರಿಸಿದ್ದು.
ಮಿಕ್ಕ ಚೂರಲ್ಲಿ ನಾವು ಸ್ಲೇಟಿನ ಮೇಲೆ ತಿದ್ದಿದೆವು,
ಮೇಷ್ಟ್ರು ಅತ್ತ ತಿರುಗಿದಾಗ ತಿಂದೆವು.

'ಏನ್ರೀ, ಸವಕಳಿ?'
ಯಂತ್ರಕ್ಕೆ ಹದಿನೈದು, ಪೀಠೋಪಕರಣಕ್ಕೆ ಹತ್ತು,
ಕಲ್ಲಿಗೆ ನಿಯಮ ಬರೆದಿಲ್ಲ ಮೇಡಂ.
ಒಂದು ನಿಮಿಷ, ಅಂದೆ. ಹೂಜಿಯಿಂದ ಬೊಗಸೆ ನೀರು
ಮೀನಿನ ಮೇಲೆ ಹನಿಸಿದೆ.
ಒಣಗಿದಾಗ ಬೂದಿ ಬಣ್ಣ, ನೆಂದರೆ ನೇರಳೆಗಪ್ಪು,
ಹುರುಪೆಯೆಲ್ಲ ಎದ್ದು ನಿಲ್ಲುತ್ತದೆ.
ಇದನ್ನು ಸಾರ್‌ಗೂ ತೋರಿಸಿರಲಿಲ್ಲ.

ಇಂದ್ರಾಣಿ ಮೇಡಂ ಪೆನ್ನು ಮುಚ್ಚಿ ಬಗ್ಗಿದರು,
ತೋರುಬೆರಳು ತಲೆಯಿಂದ ಬಾಲಕ್ಕೆ ಸವರಿದರು.
ಸರಿಯಾದ ದಿಕ್ಕು. ಯಾರೂ ಹೇಳಿಕೊಟ್ಟಿಲ್ಲ.
'ಹೆಸರೇನು ಇದರದ್ದು?'
ಉದ್ದದ ಹೆಸರು ಮೇಡಂ, ಚೀಟಿಯನ್ನು ಜಿರಲೆ ತಿಂದಿದೆ.
ಅಪ್ಪ ನೋಡಿದ್ದರೆ ಗೆಂಡೆ ಅನ್ನುತ್ತಿದ್ದ.

ಅವರು ಸವಕಳಿ ಕಾಲಂನಲ್ಲಿ
ಅಡ್ಡಕ್ಕೆ ಒಂದು ಗೆರೆ ಎಳೆದರು.
ಮುಂದಿನ ಟ್ರೇಗೆ ಕೈ ಹಾಕಿದೆ.
ಫ್ಯಾನಿನ ಗಾಳಿಗೆ ಮೀನು
ಬಾಲದ ಕಡೆಯಿಂದ ಒಣಗುತ್ತಾ ಬರುತ್ತಿತ್ತು,
ಬಾಯಲ್ಲಿ ಮಾತ್ರ ಇನ್ನೂ ಒಂದು ಹನಿ.